ಕೌಂಟರ್ ಗೊಂಬೆ

ಮಲ್ಲೇಶ್ವರದ ಹದಿನೈದನೇ ಕ್ರಾಸಿನ ಆರಾಧನಾಳಿಗೆ ಮೇಲೆ ವಿಮಾನದ ಸದ್ದು ಕೇಳಿದರೆ ಸಾಕು, ಹೊಟ್ಟೆಯಲ್ಲಿ ಕಿಚ್ಚು ಏಳುತ್ತಿತ್ತು. ಪಾಪ, ವಿಮಾನದ ಮೇಲಲ್ಲ, ಶರಣ್ಯಳ ಮೇಲೆ.

ಕೊರೋನಾಕ್ಕೆ ಮುಂಚೆ ಇಬ್ಬರೂ ಏರ್‌ಪೋರ್ಟಿನಲ್ಲಿ ಒಂದೇ ಕಂಪನಿಯ ಚೆಕ್-ಇನ್ ಕೌಂಟರಿನಲ್ಲಿದ್ದವರು. ಆರಾಧನಾ ಸೀನಿಯರ್. ಮತ್ತಿಕೆರೆಯಿಂದ ಹೊಸದಾಗಿ ಬಂದು ಸೇರಿದ ಶರಣ್ಯಳಿಗೆ ಯೂನಿಫಾರ್ಮ್ ಸೀರೆಯ ನೆರಿಗೆ ಹಿಡಿಯುವುದರಿಂದ ಮೊದಲಾಗಿ, ಲಗೇಜು ಜಾಸ್ತಿಯಾಯಿತೆಂದರೆ ಕೂಗಾಡುವ ಪ್ಯಾಸೆಂಜರುಗಳ ಮುಂದೆ ನಗುನಗುತ್ತ ನಿಲ್ಲುವವರೆಗೆ ಎಲ್ಲ ಕಲಿಸಿಕೊಟ್ಟವಳು ಅವಳೇ. ವಿಮಾನಗಳು ನೆಲ ಹಿಡಿದು ಕೂತಾಗ ಕಂಪನಿ ಇಬ್ಬರನ್ನೂ ಮನೆಗೆ ಕಳಿಸಿತು. "ಮತ್ತೆ ಹಾರಾಟ ಶುರುವಾಗಲಿ, ಮೊದಲು ನಿಮ್ಮನ್ನೇ ಕರೀತೀವಿ" ಎಂದು ಮ್ಯಾನೇಜರ್ ಹೇಳಿದ ಮಾತನ್ನು ಆರಾಧನಾ ಸೆರಗಿನಲ್ಲಿ ಗಂಟು ಹಾಕಿಕೊಂಡು ಬಂದಳು. ದೊಡ್ಡವರ ಬಾಯಿಮಾತನ್ನು ನಂಬುವುದು ನಮ್ಮ ಸಂಬಳದ ಮನೆಗಳ ಹಳೆಯ ಚಾಳಿ.

ಹಾರಾಟ ಶುರುವಾಯಿತು. ಟಿಕೆಟ್ಟಿನ ರೇಟು ಕೇಳಿದರೆ ತಲೆ ತಿರುಗಬೇಕು, ಆದರೂ ಸೀಟಿಲ್ಲ. ಬಸವನಗುಡಿಗೆ ಹೋಗಬೇಕಾದರೂ ಹತ್ತು ಸಲ ಯೋಚಿಸುತ್ತಿದ್ದ ಎದುರುಮನೆಯವರು ವಿಮಾನದಲ್ಲಿ ಕಾಶಿಗೆ ಹೋಗಿಬಂದು ಗಂಗೆಯ ತಂಬಿಗೆ ಹಂಚಿದರು. ಎಲ್ಲರೂ ಹಾರಿದರು. ಕರೆ ಬಂದದ್ದು ಮಾತ್ರ ಶರಣ್ಯಳಿಗೆ.

"ಅಕ್ಕಾ, ಕರೆದ್ರು! ನಿಮಗೇ ಫಸ್ಟ್ ಹೇಳ್ತಿದೀನಿ" ಎಂದು ಅವಳು ಫೋನ್ ಮಾಡಿದಾಗ "ಒಳ್ಳೇದಾಯ್ತು ಕಣೇ" ಎಂದ ಆರಾಧನಾ, ಅವತ್ತು ಸಾರಿಗೆ ಎರಡು ಸಲ ಉಪ್ಪು ಹಾಕಿದಳು. ಗಂಡ ಮಧುಸೂದನ್ ಬರೀ ಮಜ್ಜಿಗೆಯನ್ನದಲ್ಲೇ ಊಟ ಮುಗಿಸಿ ಎದ್ದ. ಲಗೇಜಿಗೆ ನೆಟ್ಟಗೆ ಟ್ಯಾಗ್ ಕಟ್ಟಲು ಬಾರದಿದ್ದವಳು, ತನ್ನ ಕೈಕೆಳಗೆ ಕಲಿತವಳು! ಆಮೇಲೆ ಅವಳು ಯೂನಿಫಾರ್ಮಿನಲ್ಲಿ ನಿಂತ ಫೋಟೋ ವಾಟ್ಸ್ಯಾಪಿನಲ್ಲಿ ಬಂದಾಗ ಆರಾಧನಾ ದೊಡ್ಡದು ಮಾಡಿ ನೋಡಿದಳು. ನೆರಿಗೆ ಸರಿಯಾಗಿಯೇ ಇತ್ತು. ಅದು ಇನ್ನಷ್ಟು ಉರಿಸಿತು.

ಈ ಸಲದ ದಸರಾಕ್ಕೆ ಅವಳು ಗೊಂಬೆ ಕೂರಿಸಿದ್ದು ಈ ಉರಿಯಲ್ಲೇ. ಮೇಲಿನ ಮೆಟ್ಟಿಲಲ್ಲಿ ಪಟ್ಟದ ರಾಜ-ರಾಣಿ, ಕೆಳಗೆ ದಶಾವತಾರ, ಶೆಟ್ಟಿ-ಶೆಟ್ಟಿತಿ. ಪ್ರತಿವರ್ಷ ಪಾರ್ಕು, ಮೃಗಾಲಯ ಮಾಡುತ್ತಿದ್ದ ನೆಲದ ಮೇಲೆ ಈ ಬಾರಿ ಏರ್‌ಪೋರ್ಟು. ರಟ್ಟಿನ ಕೌಂಟರುಗಳ ಸಾಲು, ಒಂದೊಂದಕ್ಕೂ ಒಂದು ಚನ್ನಪಟ್ಟಣದ ಗೊಂಬೆ, ಮುಂದೆ ಪ್ಯಾಸೆಂಜರುಗಳ ಉದ್ದ ಕ್ಯೂ. ಗೊಂಬೆಗಳಿಗೆ ಉಡಿಸಲು, ಮತ್ತೆ ಕರೆದಾರೆಂದು ಎತ್ತಿಟ್ಟಿದ್ದ ತನ್ನ ಯೂನಿಫಾರ್ಮ್ ಸೀರೆಗೇ ಕತ್ತರಿ ಹಾಕಿದಳು.

"ನಾಳೆ ಕರೆದ್ರೆ ಏನುಟ್ಕೊಂಡು ಹೋಗ್ತೀಯೇ?" ಎಂದರು ಅತ್ತೆ ಸುಂದರಮ್ಮ.

"ಕರೆದ್ರೆ ಹೊಸದು ಕೊಡ್ತಾರೆ ಬಿಡಿ ಅಮ್ಮ."

ನಡುವಿನ ಕೌಂಟರಿನ ನಗುಮುಖದ ಗೊಂಬೆ ಅವಳೇ. ಶರಣ್ಯಳ ಹಾಗೆ ಗುಂಗುರು ಕೂದಲು ಅಂಟಿಸಿದ ಗೊಂಬೆಯನ್ನು ಮಾತ್ರ ಕೌಂಟರಿನಿಂದ ದೂರ, ಮೂಲೆಯಲ್ಲಿ, ಟ್ರಾಲಿಗಳ ಪಕ್ಕ ನಿಲ್ಲಿಸಿದಳು. ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಆಮೇಲೆ ಫೋನ್ ಮಾಡಿ ಅವಳನ್ನು ಕುಂಕುಮಕ್ಕೆ ಕರೆದಳು. ಕಂಪನಿ ತನ್ನನ್ನು ಯಾವಾಗ ಕರೆಯುತ್ತದೆಂದು ಬಂದವಳ ಬಾಯಿಂದಲೇ ತಿಳಿಯಬೇಕೆಂಬುದೂ ಆ ಕರೆಯೊಳಗಿತ್ತು.

ಶರಣ್ಯ ಡ್ಯೂಟಿ ಮುಗಿಸಿ ಯೂನಿಫಾರ್ಮಿನಲ್ಲೇ ಬಂದಳು. ಗೊಂಬೆ ನೋಡಲು ಬಂದಿದ್ದ ಬೀದಿಯ ಹೆಂಗಸರೆಲ್ಲ ಗೊಂಬೆ ಬಿಟ್ಟು ಅವಳನ್ನೇ ಮುತ್ತಿಕೊಂಡರು. ಹಬ್ಬ ಯಾರದೋ, ಮೆರವಣಿಗೆ ಯಾರದೋ! ಆರಾಧನಾ ಗೊಂಬೆ ನೋಡಲು ಬಂದವರಿಗೆ ಹಂಚುವ ಚರ್ಪಿನ ತಿಂಡಿಯ ತಟ್ಟೆ ಹಿಡಿದು ಧುಮುಗುಡುತ್ತ ನಿಂತಳು. ಆಮೇಲೆ ಶರಣ್ಯ ನೆಲದ ಮೇಲೆ ಕೂತು ಏರ್‌ಪೋರ್ಟ್ ನೋಡಿದಳು.

"ಎಷ್ಟು ಚೆನ್ನಾಗಿ ಮಾಡಿದೀರಾ ಅಕ್ಕ! ಆದ್ರೆ ಈಗ ಇಷ್ಟೊಂದು ಕೌಂಟರ್ ಇಲ್ಲ. ಒಂದೋ ಎರಡೋ ಇಟ್ಟಿದಾರೆ ಅಷ್ಟೇ. ಮಿಕ್ಕಿದ್ದೆಲ್ಲ ಮೆಷಿನ್ನು. ಜನಾನೇ ಟ್ಯಾಗ್ ತಗೊಂಡು, ಅವರೇ ಅಂಟಿಸ್ಕೊಂಡು ಹೋಗ್ತಾರೆ."

"ಮತ್ತೆ ನೀನು?"

"ಮೆಷಿನ್ ಪಕ್ಕ ನಿಂತ್ಕೋತೀನಿ. ಗೊತ್ತಾಗದೇ ಇರೋರಿಗೆ ತೋರಿಸ್ಬೇಕು. ಕೂರೋ ಹಾಗಿಲ್ಲ. ಪರ್ಮನೆಂಟೂ ಅಲ್ಲ, ಕಾಂಟ್ರಾಕ್ಟು."

"ನಮ್ಮನ್ನೆಲ್ಲ ಯಾವಾಗ ಕರೀತಾರಂತೆ?" ಎಂದು ಆರಾಧನಾ ಕೊನೆಗೂ ಕೇಳಿಯೇಬಿಟ್ಟಳು.

ಶರಣ್ಯ ತಲೆ ತಗ್ಗಿಸಿದಳು. "ಕರೆಯಲ್ಲ ಅಕ್ಕ. ಎಕ್ಸ್‌ಪೀರಿಯನ್ಸ್ ಇರೋರಿಗೆ ಸಂಬಳ ಜಾಸ್ತಿ ಕೊಡ್ಬೇಕಲ್ಲ. ಫೋನಲ್ಲಿ ಹೇಳೋಕೆ ಮನಸ್ಸು ಬರ್ಲಿಲ್ಲ." ಅಷ್ಟರಲ್ಲಿ ಅವಳ ಕಣ್ಣಿಗೆ ಮೂಲೆಯ ಗುಂಗುರು ಕೂದಲಿನ ಗೊಂಬೆ ಬಿತ್ತು. "ಅಯ್ಯೋ, ಇದು ನಾನಾ? ಕರೆಕ್ಟಾಗಿ ನಿಲ್ಲಿಸಿದೀರಾ. ಟ್ರಾಲಿ ಪಕ್ಕಾನೇ ನನ್ನ ಜಾಗ. ಯಾರು ಹೇಳಿದ್ರು ನಿಮಗೆ?"

ಆರಾಧನಾ ಮುಖ ತಿರುಗಿಸಿ ಕುಂಕುಮದ ಬಟ್ಟಲು ತಂದಳು.

ನ್ಯಾಯವಾಗಿ ಅವಳ ಹೊಟ್ಟೆಕಿಚ್ಚು ಇಲ್ಲಿಗೆ ಆರಬೇಕಿತ್ತು. ಇಲ್ಲದ ಕೌಂಟರಿಗೆ ಯಾರು ಯಾರನ್ನು ಕಂಡು ಕರುಬಬೇಕು? ಆದರೆ ಆರಲಿಲ್ಲ. ಕೂರುವ ಹಾಗಿಲ್ಲವಂತೆ, ಕಾಂಟ್ರಾಕ್ಟಂತೆ, ಆದರೂ ನಾಳೆ ಬೆಳಿಗ್ಗೆ ನೆರಿಗೆ ಹಿಡಿದು ಹೊರಡುವವಳು ಶರಣ್ಯಳೇ ತಾನೆ! ಆ ಕೌಂಟರುಗಳನ್ನು ಆಗಲೇ ಕಿತ್ತು ಬಿಸಾಡಬೇಕೆನಿಸಿತು. ಕೂರಿಸಿದ ಗೊಂಬೆಯನ್ನು ಹಬ್ಬ ಮುಗಿಯುವವರೆಗೆ ಕದಲಿಸುವಂತಿಲ್ಲವೆಂದು ಸುಂದರಮ್ಮ ಬಿಡಲಿಲ್ಲ. ಮಿಕ್ಕ ದಿನಗಳೆಲ್ಲ ಬಂದವರು "ಏನು ಕ್ಯೂ, ಏನು ಕೌಂಟರು!" ಎಂದು ಹೊಗಳಿದರು. ಅವಳು ನಗುನಗುತ್ತ ನಿಂತು ಕೇಳಿಸಿಕೊಂಡಳು. ಅದೊಂದು ವಿದ್ಯೆ ಇನ್ನೂ ಕೈಬಿಟ್ಟಿರಲಿಲ್ಲ.

ವಿಜಯದಶಮಿಯ ಸಂಜೆ ಆರತಿಯಾದ ಮೇಲೆ ಗೊಂಬೆ ಮಲಗಿಸುವ ಶಾಸ್ತ್ರ. ಆರಾಧನಾ ಮೊದಲು ರಾಜ-ರಾಣಿಯರನ್ನು ಮಲಗಿಸಿದಳು. ಆಮೇಲೆ ಕ್ಯೂ, ಆಮೇಲೆ ಕೌಂಟರಿನ ಗೊಂಬೆಗಳು. ನಗುಮುಖದ ತನ್ನ ಗೊಂಬೆಯನ್ನೂ ಸೀರೆಯ ತುಂಡು ಸರಿಮಾಡಿ ಮಲಗಿಸಿದಳು. ಟ್ರಾಲಿಯ ಪಕ್ಕ ಒಂದೇ ಒಂದು ಗೊಂಬೆ ನಿಂತಿತ್ತು.

"ಅದನ್ಯಾಕೆ ಬಿಟ್ಟೆ?" ಎಂದರು ಸುಂದರಮ್ಮ.

"ಅವಳಿಗಿನ್ನೂ ಡ್ಯೂಟಿ ಇದೆ ಅಮ್ಮ" ಎಂದಳು ಆರಾಧನಾ, ಹಲ್ಲು ಕಚ್ಚಿಕೊಂಡು.