ಉಡಿಗೆ ಹಾಕಿದ ಹತ್ತಿ

ಮನುಷ್ಯನ ಪ್ರಜ್ಞೆಯೆಂಬುದು ಅಖಂಡವಾದದ್ದು, ಅಚಲವಾದದ್ದು ಎಂದು ತಿಳಿದವರು ಹೇಳುತ್ತಾರೆ. ನನ್ನದು ಎರಡು ಎಕರೆ ಹತ್ತಿಗೆ ಎಣ್ಣೆ ಹೊಡೆದು ಮುಗಿಸುವವರೆಗೂ ತಾಳಲಿಲ್ಲ.

ಎಣ್ಣೆಯೆಂದರೆ ಕೀಟನಾಶಕ, ನಮ್ಮ ಕಡೆ ಅದನ್ನು ಹಾಗೆ ಪ್ರೀತಿಯಿಂದ ಕರೆಯುತ್ತೇವೆ. ಬೆನ್ನಿನ ಪಂಪು ಸೋರಿ ಅಂಗಿ ತೊಯ್ದಿತ್ತು. ಗಾಳಿಗೆ ಒಣಗುತ್ತದೆಂಬ ದೃಢ ನಂಬಿಕೆಯಿಂದ ಸಾಲು ಮುಂದುವರಿಸಿದೆ. ಬೆವರು, ಜೊಲ್ಲು, ನಡುಕ ಒಟ್ಟಿಗೇ ಬಂದವು. ನಡುಗುವವನಿಗೆ ಚಳಿಯೇ ಇರಬೇಕೆಂದು ಹೆಂಡತಿ ಆ ಒದ್ದೆ ಅಂಗಿಯ ಮೇಲೇ ಕಂಬಳಿ ಸುತ್ತಿ, ಟಂಟಂ ರಿಕ್ಷಾದಲ್ಲಿ ಹಾಕಿಕೊಂಡು ಗುಡಗೇರಿಯಿಂದ ಕುಂದಗೋಳದ ದಾರಿ ಹಿಡಿದಳು.

ದವಾಖಾನೆಯಲ್ಲಿ ನನಗೆ ಮೊದಲು ಕಂಡದ್ದು ನರ್ಸಬಾಯಿಯ ಕೈ: ಸಾಬೂನಿಗೆ ಬಿಳಿಚಿ ಬಿರಿದ ಬೆರಳು. ಕೊರಳಲ್ಲಿ ಕಪ್ಪು ದಾರ ಕಟ್ಟಿದ ಟಾರ್ಚು. ದನಿ ಎತ್ತುವ ಅಭ್ಯಾಸ ಅವರಿಗಿರಲಿಲ್ಲ. ಬೈಗುಳವನ್ನೂ ಕುಶಲ ವಿಚಾರಿಸಿದಂತೆ ಹೇಳುತ್ತಿದ್ದರು. ಕಂಬಳಿ ಮೂಸಿದರು, ಕಣ್ಣಿಗೆ ಟಾರ್ಚು ಹಿಡಿದರು. ಪಾಪೆ ಸಾಸಿವೆ ಕಾಳಾಗಿತ್ತಂತೆ. ಡಾಕ್ಟರಿಗೆ ಹೇಳಿಕಳಿಸಿ ಹೆಂಡತಿಯತ್ತ ತಿರುಗಿದರು.

"ವಿಷಾ ತಣ್ಣಗಾದೀತಂತ ಕಂಬಳ್ಯಾಗ ಸುತ್ತಿ ತಂದೀರೇನ್ರಿ, ಯಕ್ಕಾ?"

ಅಂಗಿ ಕತ್ತರಿಸಿ, ನೆತ್ತಿಯಿಂದ ಅಂಗಾಲಿನವರೆಗೆ ಸಾಬೂನು ಹಚ್ಚಿ ತೊಳೆದರು. ಮದುವೆಯ ಅರಿಷಿಣದಲ್ಲೂ ನನ್ನನ್ನು ಯಾರೂ ಅಷ್ಟು ತಿಕ್ಕಿರಲಿಲ್ಲ. ಎದೆಯೊಳಗಿನ ನೀರಿನ ಗೊರಗೊರ ನಿಲ್ಲುವವರೆಗೆ ಡಾಕ್ಟರು ವಿಷ ಇಳಿಸುವ ಅಟ್ರೋಪಿನ್ ಸೂಜಿ ಕೊಡಿಸುತ್ತಲೇ ಇದ್ದರು.

ಆಮೇಲೆ ನಾನು ಹೊಲದಲ್ಲಿದ್ದೆ. ಹೊಲ ಛಾವಣಿಗೆ ತಲೆಕೆಳಗಾಗಿ ಅಂಟಿಕೊಂಡಿತ್ತು. ಅರಳಿದ ಹತ್ತಿ ಫ್ಯಾನಿನ ಸುತ್ತ ಮೆಲ್ಲಗೆ ತೇಲುತ್ತಿತ್ತು. ಕೈ ಚಾಚಿ ಒಂದೊಂದೇ ಬಿಡಿಸತೊಡಗಿದೆ. ಹೆಂಡತಿ ಅಳುತ್ತ ನನ್ನ ಕೈ ಅದುಮಿ ಹಿಡಿದಳು. ಅದು ಔಷಧದ ಅಮಲು, ಬಿಡ್ರಿ ಅಂದರು ನರ್ಸಬಾಯಿ. ಡಾಕ್ಟರಿಗೆ ತಿಳಿಸಿ ಔಷಧ ತಗ್ಗಿಸಿ, ಸೆರಗನ್ನು ಉಡಿಯಂತೆ ಹಿಡಿದು ಮಂಚದ ಬಾಜು ನಿಂತರು.

"ಇದರಾಗ ಹಾಕ್ರಿ ಗೌಡ್ರ. ಕೆಳಗ ಕಸಾ ಮಾಡಬ್ಯಾಡ್ರಿ."

ಹಾಕಿದೆ. ಅಷ್ಟು ಬೆಳ್ಳನೆಯ ಹತ್ತಿಯನ್ನು ನಾನು ಮತ್ತೆ ಬೆಳೆದಿಲ್ಲ.

ಮರುದಿನ ಎಚ್ಚರವಾಯಿತು, ಗೆದ್ದೆನೆಂದು ಸಾರಿದೆ. ನರ್ಸಬಾಯಿ ಒಪ್ಪಲಿಲ್ಲ. ಈ ವಿಷ ಎರಡು ದಿನ ಸುಮ್ಮನಿದ್ದು ಕುತ್ತಿಗೆ ಸೋಲಿಸಿ, ಆಮೇಲೆ ಉಸಿರಿಗೆ ಕೈ ಹಾಕುತ್ತದಂತೆ. ತಾಸಿಗೊಮ್ಮೆ ಬಂದು "ತಲಿ ಎತ್ರಿ" ಎನ್ನುವರು. ನಾನು ದಿಂಬಿನಿಂದ ರಾಜಗಾಂಭೀರ್ಯದಲ್ಲಿ ತಲೆ ಎತ್ತುವೆ. ಮೂರನೆಯ ದಿನ ಮಧ್ಯಾಹ್ನ ತಲೆ ಏಳಲಿಲ್ಲ. ಪಾಳಿ ಮುಗಿದಿದ್ದರೂ ಅವರೇ ಆಂಬುಲೆನ್ಸ್ ಹತ್ತಿ, ಹುಬ್ಬಳ್ಳಿಯವರೆಗೂ ನನ್ನ ಬಾಯಿಗೆ ಗಾಳಿಯ ಚೀಲ ಒತ್ತುತ್ತ ಬಂದರು.

ಒಂಬತ್ತು ದಿನ ನನ್ನ ಪರವಾಗಿ ಯಂತ್ರ ಉಸಿರಾಡಿತು. ಹತ್ತನೆಯ ದಿನದಿಂದ ನಾನೇ ಉಸಿರಾಡುತ್ತಿದ್ದೇನೆ. ನರ್ಸಬಾಯಿ ಹೋದ ವರ್ಷ ತೀರಿಕೊಂಡರು.