ಸಿಸ್ಟರ್ ಹೇಳಿಕೊಟ್ಟ ಥಾಡೋ ಮಾತು

ಮೊನ್ನೆ ಗಾಂಧಿ ಬಜಾರಿನಲ್ಲಿ ಒಬ್ಬಾಕೆ ಪ್ಲಾಸ್ಟಿಕ್ ಬಕೆಟ್ಟಿನಲ್ಲಿ ಕಳಲೆ ಇಟ್ಟುಕೊಂಡು ಕೂತಿದ್ದಳು. ಎಳೆಬಿದಿರನ್ನು ಹೆಚ್ಚಿ ನೀರಿಗೆ ಹಾಕಿದ್ದಳು, ನೀರು ಬದಲಿಸಿರಲಿಲ್ಲ ಅಂತ ಕಾಣುತ್ತೆ. ಹುಳಿಹುಳಿಯಾದ ವಾಸನೆ ದಾರಿಗೇ ಹೊಡೆಯುತ್ತಿತ್ತು. "ಬಾರೇ, ಕೆಟ್ಟುಹೋಗಿದೆ ಅದು" ಅಂದರು ನಮ್ಮ ಮನೆಯವರು. ನಾನು ಅಲ್ಲೇ ನಿಂತೆ. ಅದು ಕೆಟ್ಟ ವಾಸನೆಯಲ್ಲ, ಬೇಕಂತಲೇ ಹುಳಿ ಬರಿಸಿದ ಕಳಲೆಗೂ ಅದೇ ವಾಸನೆ ಇರುತ್ತೆ ಅಂತ ನನಗೆ ಗೊತ್ತಿತ್ತು. ಗೋಪಾಳದ ನಮ್ಮ ಮನೆಯ ಹಿಂದಿನ ರೂಮಿನ ಕಿಟಕಿಯಲ್ಲಿ ಒಂದು ಹಾರ್ಲಿಕ್ಸ್ ಬಾಟಲಿ ತುಂಬ ಹಾಗೆ ಹುಳಿ ಬರಿಸಿಟ್ಟವಳು ನಮ್ಮ ಸಿಸ್ಟರ್.

ಸಿಸ್ಟರ್ ಅಂದರೆ ನರ್ಸು. ನನ್ನನ್ನು ನೋಡಿಕೊಳ್ಳೋಕೆ ಏಜೆನ್ಸಿಯವರು ಕಳಿಸಿದ್ದ ಹುಡುಗಿ. ಮೂವತ್ತರ ಆಸುಪಾಸು, ಗಿಡ್ಡ ಆಳು, ನನ್ನನ್ನು ಹಾಸಿಗೆಯಿಂದ ಎತ್ತಿ ಕೂರಿಸುವಾಗ ಮಾತ್ರ ಅಷ್ಟು ಬಲ ಎಲ್ಲಿಂದ ಬರ್ತಿತ್ತೋ...

ದುರ್ಗಿಗುಡಿಯ ಒಂದು ಹೈಸ್ಕೂಲಿನಲ್ಲಿ ನಾನು ಇಪ್ಪತ್ತೆರಡು ವರ್ಷ ಕನ್ನಡ ಪಾಠ ಮಾಡಿದವಳು. ಒಂದು ಬೆಳಿಗ್ಗೆ ಬೋರ್ಡಿನ ಮೇಲೆ ಬರೆಯುತ್ತಿದ್ದಾಗ ಕೈಯಿಂದ ಚಾಕ್‌ಪೀಸು ಜಾರಿತು. ಬಗ್ಗಿ ಎತ್ತಿಕೊಳ್ಳೋಣ ಅಂದರೆ ಬಲಗೈ ನನ್ನದಲ್ಲ ಅನ್ನೋ ಹಾಗಿತ್ತು. ಮಕ್ಕಳು ನಕ್ಕರು. "ಸುಮ್ಮನಿರಿ" ಅನ್ನೋಕೆ ಹೋದೆ. ಬಾಯಿಂದ ಬಂದದ್ದು ಮಾತಲ್ಲ, ಬರೀ ಒಂದು ಸದ್ದು. ಅದನ್ನು ಕೇಳಿ ಮಕ್ಕಳು ನಗು ನಿಲ್ಲಿಸಿದರು.

ಆಸ್ಪತ್ರೆಯಿಂದ ಮನೆಗೆ ಬಂದಾಗ ಬಲಗಡೆ ಕೈಕಾಲು ಸ್ವಾಧೀನದಲ್ಲಿರಲಿಲ್ಲ, ಮಾತಂತೂ ಪೂರ್ತಿ ಹೋಗಿತ್ತು. ಅರ್ಥ ಎಲ್ಲ ಆಗ್ತಿತ್ತು. ಹೇಳಬೇಕಾದ ಮಾತು ಎದೆವರೆಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ನನ್ನನ್ನು ಹಿಂದಿನ ರೂಮಿನಲ್ಲಿ ಮಲಗಿಸಿದರು. ಕಿಟಕಿ ತೆಗೆದರೆ ಮೂರಡಿ ದೂರದಲ್ಲಿ ಪಕ್ಕದ ಮನೆಯ ಗೋಡೆ. ಡಾಕ್ಟರು ಮಾತು ಆಡಿಸಿ ಅಂದಿದ್ದರಂತೆ. ನಮ್ಮ ಮನೆಯವರು ಅಂಗಡಿಯಿಂದ ಒಂದನೇ ಕ್ಲಾಸಿನ ಮಕ್ಕಳ ಅಕ್ಷರದ ಚಾರ್ಟು ತಂದು ಗೋಡೆಗೆ ಹೊಡೆದರು. ಅ ಅರಸ, ಆ ಆನೆ. "ಹೇಳೇ, ಆ... ನೆ." ಪಾಪ, ಅವರು ಪ್ರೀತಿಯಿಂದಲೇ ಹೇಳುತ್ತಿದ್ದರು. ನನಗೆ ಭೂಮಿ ಬಾಯಿಬಿಡಬಾರದಾ ಅನ್ನಿಸುತ್ತಿತ್ತು. ಯಾವ ಭಾಷೆಯಿಂದ ಅನ್ನ ತಿಂದೆನೋ ಅದರ ಮೊದಲ ಅಕ್ಷರವೇ ನನ್ನ ಬಾಯಲ್ಲಿ ಹೊರಳುತ್ತಿರಲಿಲ್ಲ. ಒಂದೆರಡು ದಿನ ತಿಣುಕಿದೆ. ಆಮೇಲೆ ಊಟಕ್ಕೆ ಬಿಟ್ಟು ಬಾಯಿ ತೆಗೆಯುವುದನ್ನೇ ನಿಲ್ಲಿಸಿಬಿಟ್ಟೆ.

ಸಿಸ್ಟರ್ ಬಂದದ್ದು ಆಗ. ಅದಕ್ಕೆ ಮೊದಲು ನಾಲ್ಕು ವರ್ಷ ಭದ್ರಾವತಿಯ ಒಂದು ನರ್ಸಿಂಗ್ ಹೋಮಿನಲ್ಲಿದ್ದಳಂತೆ. ಕನ್ನಡ ಅಲ್ಲೇ ಪೇಷಂಟುಗಳ ಬಾಯಿಂದ ಕಲಿತದ್ದು, ಅವರಲ್ಲಿ ಅರ್ಧ ಜನ ತಮಿಳರು, ಅದಕ್ಕೇ ಮಧ್ಯೆ ಮಧ್ಯೆ ತಮಿಳೂ ಬರುತ್ತಿತ್ತು.

"ಯಾವೂರಮ್ಮ ನಿಂದು?" ಅಂತ ಕೇಳಿದರು ನಮ್ಮ ಮನೆಯವರು.

"ಮಣಿಪುರ ಸಾರ್. ಬೆಟ್ಟದ ಮೇಲೆ."

"ಮನೇಲಿ ಹಿಂದಿ ಮಾತಾಡ್ತೀರಾ?"

"ಇಲ್ಲ ಸಾರ್. ಥಾಡೋ."

"ಅಂಥದ್ದೊಂದು ಭಾಷೆ ಇದೆಯಾ?"

ಅವಳು ನಕ್ಕಳು. ಈ ಪ್ರಶ್ನೆ ಅವಳಿಗೆ ಹೊಸದಲ್ಲ ಅಂತ ಆ ನಗುವಿನಲ್ಲೇ ಗೊತ್ತಾಗುತ್ತಿತ್ತು.

ಮಣಿಪುರದಲ್ಲಿ ಗಲಭೆ ಶುರುವಾಗಿದ್ದ ವರ್ಷ ಅದು. ಟೀವಿಯಲ್ಲಿ ಬೆಟ್ಟದ ಕೆಳಗಿನ ಮನೆಗಳು ಹೊತ್ತಿ ಉರಿಯುತ್ತಿದ್ದವು. ಅವಳು ತಟ್ಟೆ ಹಿಡಿದು ಹಾಲ್‌ಗೆ ಬಂದರೆ ನಮ್ಮ ಮನೆಯವರು ಚಾನೆಲ್ ಬದಲಿಸುತ್ತಿದ್ದರು. ಅಲ್ಲಿ ನೆಟ್ ಬಂದ್ ಆಗಿ ಭಾನುವಾರ ಭಾನುವಾರ ಬರುತ್ತಿದ್ದ ಅವಳ ತಾಯಿಯ ಫೋನು ನಿಂತುಹೋಯಿತು. ಊರು ಬಿಟ್ಟು ಓಡಿದವರೆಲ್ಲ ಎಲ್ಲೋ ಒಂದು ಸ್ಕೂಲಿನಲ್ಲಿದ್ದಾರೆ, ತಾಯಿಯೂ ಅಲ್ಲಿದ್ದಾಳೆ ಅಂತ ಆಮೇಲೆ ಒಬ್ಬ ಸಂಬಂಧಿಕನಿಂದ ಸುದ್ದಿ ಬಂತು. ಒಂದು ಕ್ಲಾಸ್‌ರೂಮಿನಲ್ಲಿ ಏಳೆಂಟು ಸಂಸಾರ, ನಡುವೆ ಬಟ್ಟೆ ಕಟ್ಟಿಕೊಂಡು...

ಒಂದು ದಿನ ನನ್ನ ಕೈಗೆ ಎಣ್ಣೆ ತಿಕ್ಕುತ್ತಾ ಅವಳು ಅಂದಳು, "ಟೀಚರಕ್ಕ, ನನ್ ಭಾಷೆ ಮಾತಾಡಿ ಮೂರು ತಿಂಗಳಾಯ್ತು. ಇಲ್ಲಿ ಒಬ್ರೂ ಇಲ್ಲ. ನಿಮ್ ಹತ್ರ ಮಾತಾಡ್ಲಾ? ನಿಮ್ಗೆ ಅರ್ಥ ಆಗಲ್ಲ, ನೀವು ಯಾರಿಗೂ ಹೇಳೋದೂ ಇಲ್ಲ."

ನಾನು ರೆಪ್ಪೆ ಬಡಿದೆ. ನಮ್ಮಿಬ್ಬರ ನಡುವೆ ಅದು 'ಹೂಂ'.

ಅವತ್ತಿನಿಂದ ಆ ರೂಮಿನಲ್ಲಿ ಥಾಡೋ ಶುರುವಾಯಿತು. ಏರಿ ಇಳಿದು, ಏರಿ ಇಳಿದು ಹೋಗುವ ಭಾಷೆ. ಒಂದೇ ಮಾತನ್ನು ಎತ್ತರಿಸಿ ಹೇಳಿದರೆ ಒಂದು ಅರ್ಥ, ತಗ್ಗಿಸಿದರೆ ಇನ್ನೊಂದು. ಅವಳು ಅದನ್ನು ಕೈ ಮೇಲೆ ಕೆಳಗೆ ಮಾಡಿ ತೋರಿಸುತ್ತಿದ್ದಳು. ಮನೆಗೆ 'ಇನ್', ತನ್ನ ಮನೆ ಅನ್ನಬೇಕಾದರೆ 'ಕಾ-ಇನ್'. ಅಮ್ಮನಿಗೆ 'ನೂ', ಅವಳು ಯಾವಾಗಲೂ ಹೇಳುತ್ತಿದ್ದದ್ದು 'ಕಾ-ನೂ', ನನ್ನಮ್ಮ. ಚಂದ್ರನಿಗೆ ಅವರು ಹೇಳುವ ಮಾತು ಮಾತ್ರ ನಮ್ಮ ಅಕ್ಷರಕ್ಕೆ ಸಿಕ್ಕುವುದಿಲ್ಲ. ನಾಲಿಗೆ ತುದಿಯನ್ನು ಹಲ್ಲಿನ ಹಿಂದೆ ಒತ್ತಿ, ಉಸಿರನ್ನು ಎರಡು ಪಕ್ಕದಿಂದ ಬಿಡಬೇಕು, ಲ್ಹಾ. ನಾನು ಅದನ್ನು ಬಾಯೊಳಗೇ ಮಾಡಿ ನೋಡುತ್ತಿದ್ದೆ. ಕನ್ನಡದ 'ಆನೆ' ಬರದಿದ್ದರೆ ಅವಮಾನ. ಇದು ಬರದಿದ್ದರೆ ಯಾರೇನು ಅನ್ನುತ್ತಾರೆ?

ಅವರಲ್ಲಿ ಹೆಸರಿಡುವ ಕ್ರಮವನ್ನೂ ಹೇಳಿದಳು. ಅಜ್ಜಿಯ ಹೆಸರಿನ ಕೊನೆಯ ತುಂಡಿನಿಂದ ಮೊಮ್ಮಗಳ ಹೆಸರು ಶುರುವಾಗುತ್ತಂತೆ. ಆ ಮೊಮ್ಮಗಳ ಹೆಸರಿನ ಕೊನೆಯ ತುಂಡು ಮುಂದೆ ಅವಳ ಮೊಮ್ಮಗಳಿಗೆ. "ನನ್ ಹೆಸರಿನ ಮೊದಲ್ನೇ ತುಂಡು ನಮ್ಮಜ್ಜಿದು ಅಕ್ಕ. ಕೊನೇ ತುಂಡು ಯಾರಿಗೂ ಕೊಟ್ಟಿಲ್ಲ ಇನ್ನೂ" ಅಂತ ನಕ್ಕಳು. ನಾವೆಲ್ಲ ಅವಳನ್ನು ಸಿಸ್ಟರ್ ಅಂತಲೇ ಕರೆಯುತ್ತಿದ್ದೆವು. ಆ ಹೆಸರು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬರಲಿಲ್ಲ.

ಥಾಡೋ ಶುರುವಾಗಿ ಮೂರನೇ ತಿಂಗಳೋ ಏನೋ. ಮಧ್ಯಾಹ್ನ ಊಟವಾಗಿ ನಮ್ಮ ಮನೆಯವರು ನನ್ನ ಮಂಚದ ಪಕ್ಕ ಪೇಪರು ಓದುತ್ತಾ ಕೂತಿದ್ದರು. ನನಗೆ ಬಾಯಾರಿತ್ತು. ಯೋಚನೆ ಮಾಡಲಿಲ್ಲ, ಮಾತು ತಾನಾಗಿ ಬಂತು. "ತುಯಿ."

ಅವರು ಪೇಪರು ಕೆಳಗಿಟ್ಟು ನನ್ನ ಮುಖ ನೋಡಿದರು. "ಏನಂದೆ?"

"ತುಯಿ."

"ನನ್ನ ಮುಖಕ್ಕೆ ತೂ ಅಂತೀಯೇನೇ?" ಅಂದರು. ಅವರ ಕಣ್ಣು ತುಂಬಿಬಿಟ್ಟಿತು.

ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದಾಯಿತು. ಸಿಸ್ಟರ್ ಲೋಟ ಹಿಡಿದುಕೊಂಡು ಓಡಿ ಬಂದಳು, ಅರ್ಧ ನೀರು ದಾರಿಯಲ್ಲೇ ಚೆಲ್ಲಿತ್ತು. "ನೀರು ಸಾರ್! ನೀರು ಕೇಳ್ತಿದಾರೆ! ನಮ್ ಭಾಷೆಲಿ ಕೇಳ್ತಿದಾರೆ!"

ಅವತ್ತು ಮೂರು ಜನರೂ ಅತ್ತೆವು. ನಮ್ಮ ಮನೆಯವರಿಗೆ ಖುಷಿಯ ಜೊತೆಗೆ ಸ್ವಲ್ಪ ಬೇಜಾರೂ ಆಗಿತ್ತು. "ಅಲ್ಲ ಮಾರಾಯ್ತಿ, ಇಷ್ಟು ವರ್ಷ ಕನ್ನಡ ಹೇಳಿಕೊಟ್ಟವಳು ನೀನು..." ಅಂತ ಎರಡು ದಿನ ಹೇಳಿಕೊಂಡು ಓಡಾಡಿದರು. ಆಮೇಲೆ ಎದ್ದು ಹೋಗಿ ಆ ಚಾರ್ಟನ್ನು ತಾವೇ ಬಿಚ್ಚಿದರು. ತಿಂಗಳು ಕಳೆಯುವುದರೊಳಗೆ ಅವಳ ಭಾಷೆಯ ಮೂವತ್ತು ಮಾತು ನನಗೆ ಬರುತ್ತಿದ್ದವು. ಅವುಗಳ ಬೆನ್ನಿಗೇ ಕನ್ನಡವೂ ಒಂದೊಂದಾಗಿ, ಕುಂಟುತ್ತಾ ಬಂತು. ಅವಳ ಹೆಗಲು ಹಿಡಿದು ರೂಮಿನೊಳಗೆ ನಾಲ್ಕು ಹೆಜ್ಜೆ ಹಾಕುವಷ್ಟು ಕಾಲಿಗೂ ಬಲ ಬಂತು.

ನನಗೆ ಬಿಡುಗಡೆಯ ದಾರಿ ಕಾಣುತ್ತಿತ್ತು. ಅವಳಿಗೆ ಇರಲಿಲ್ಲ. ಅವಳ ಓದಿನ ಒರಿಜಿನಲ್ ಸರ್ಟಿಫಿಕೇಟುಗಳೆಲ್ಲ ಏಜೆನ್ಸಿಯವನ ಬೀರುವಿನಲ್ಲಿದ್ದವು. ಮೊದಮೊದಲು ಪ್ರತಿ ಭಾನುವಾರ ಬಸ್ಸು ಹತ್ತಿ ಭದ್ರಾವತಿಗೆ ಹೋಗಿ, ಫ್ಯಾಕ್ಟರಿ ಕ್ವಾರ್ಟರ್ಸಿನ ತಮಿಳು ಸಂಸಾರಗಳ ಜೊತೆ ಚರ್ಚಿನಲ್ಲಿ ಹಾಡಿ ಬರುತ್ತಿದ್ದಳು. ಪೇಷಂಟನ್ನು ಬಿಟ್ಟು ಹೋಗಕೂಡದು ಅಂತ ಏಜೆನ್ಸಿಯವನು ಅದನ್ನೂ ನಿಲ್ಲಿಸಿದ. ನಮಗೂ ಅದೇ ಅನುಕೂಲವಾಗಿತ್ತು, ನಾವು ಏನೂ ಅನ್ನಲಿಲ್ಲ. ನಾವು ಅವಳ ಮೇಲೆ ಬಾಗಿಲು ಹಾಕಿ ಬೀಗ ಹಾಕಿದವರಲ್ಲ. ಹಾಕುವ ಅಗತ್ಯ ಇರಲಿಲ್ಲ ಅಷ್ಟೆ.

ಒಂದು ಬೆಳಿಗ್ಗೆ ಅವಳು ನನ್ನ ಬೆರಳುಗಳನ್ನು ಬಿಡಿಸುತ್ತಿದ್ದಾಗ ಫೋನು ಬಂತು. ಅದೇ ಸಂಬಂಧಿಕ. ತಾಯಿ ಊಟ ಬಿಟ್ಟಿದ್ದಾಳೆ, ಮಗಳನ್ನು ಕೇಳುತ್ತಿದ್ದಾಳೆ ಅಂದನಂತೆ. ವಿಮಾನ ಇಳಿಯುವ ಊರು ಎದುರು ಗುಂಪಿನವರ ಕೈಯಲ್ಲಿದ್ದದ್ದರಿಂದ ಮಾಮೂಲಿ ದಾರಿ ಅವಳ ಜನಕ್ಕೆ ಮುಚ್ಚಿಹೋಗಿತ್ತು. ಬೇರೆ ರಾಜ್ಯದಲ್ಲಿ ಇಳಿದು, ಬೆಟ್ಟ ಸುತ್ತಿಕೊಂಡು ಹೋಗಬೇಕು, ಐದಾರು ದಿನವೇ ಬೇಕು. ಅವಳು ಏಜೆನ್ಸಿಗೆ ಫೋನು ಮಾಡಿದಳು. ಅವನು ಮನೆಗೇ ಬಂದು ಹಾಲ್‌ನಲ್ಲಿ ಕೂತ.

"ಬದಲಿ ಕಳ್ಸೋಕೆ ಯಾರೂ ಇಲ್ಲ. ಎರಡು ತಿಂಗಳು ಕಳೀಲಿ. ಈಗ್ಲೇ ಹೋಗ್ತೀನಿ ಅಂದ್ರೆ ಸರ್ಟಿಫಿಕೇಟ್ ಮರ್ತುಬಿಡು."

ನಮ್ಮ ಮನೆಯವರು ದನಿ ತಗ್ಗಿಸಿ ಹೇಳಿದರು, "ಇವಳಿಗೆ ಈಗ ತಾನೇ ಮಾತು ಬರ್ತಿದೆ ಕಣಮ್ಮ. ನೀನು ಹೊರಟ್ರೆ ಮತ್ತೆ ಬಾಯಿ ಮುಚ್ಕೊಂಡ್ಬಿಡ್ತಾಳೆ. ಆಮೇಲೆ, ಅಲ್ಲಿಗೆ ಹೋಗೋದು ಅಪಾಯ ಅಲ್ವಾ?"

ಅವಳು ರೂಮಿಗೆ ಬಂದು ನನ್ನ ಮಂಚದ ಕಾಲು ಹಿಡಿದು ನೆಲದ ಮೇಲೆ ಕೂತಳು. ತನ್ನ ಭಾಷೆಯಲ್ಲಿ ಕೇಳಿದಳು, ನಾನು ಹೋಗಲಾ ಅಂತ. ನನಗೆ ಪೂರ್ತಿ ಅರ್ಥವಾಯಿತು. ಹೋಗು ಅನ್ನೋಕೆ ಅವರಲ್ಲಿ 'ಚೆ' ಅನ್ನಬೇಕು. ಒಂದೇ ಅಕ್ಷರ. ಅದು ಆ ಮೂವತ್ತರಲ್ಲಿತ್ತು, ಅವಳೆದುರು ಇನ್ನೂ ಆಡಿ ತೋರಿಸಿರಲಿಲ್ಲ ಅಷ್ಟೆ. ನಾಲಿಗೆಯ ತುದಿಯಲ್ಲಿತ್ತು.

ನಾನು ಹೇಳಲಿಲ್ಲ.

ಇವಳು ಹೋದರೆ ನಾಳೆ ನನ್ನನ್ನು ಯಾರು ಎತ್ತಿ ಕೂರಿಸುತ್ತಾರೆ, ಯಾರು ಮಾತಾಡಿಸುತ್ತಾರೆ, ಮತ್ತೆ ನಾನು ಆ ಗೋಡೆ... ಇಷ್ಟೇ ನನ್ನ ತಲೆಯಲ್ಲಿದ್ದದ್ದು. ಮೊದಲಿನ ದಿನಗಳ ಹಾಗೆ ಮುಖವನ್ನು ಆ ಕಡೆ ಹೊರಳಿಸಿದೆ. ಬಾಯಿಯ ಮೂಲೆಯಿಂದ ಜೊಲ್ಲು ಇಳಿಯೋಕೆ ಬಿಟ್ಟೆ. ಬಿಟ್ಟೆ ಅಂತಲೇ ಬರೆಯುತ್ತಿದ್ದೇನೆ, ಅದು ತಾನಾಗಿ ಇಳಿದದ್ದಲ್ಲ. ಅವಳು ಟವೆಲ್ಲು ತಗೊಂಡು ನನ್ನ ಬಾಯಿ ಒರೆಸಿದಳು. "ಆಯ್ತು ಅಕ್ಕ. ಎರಡು ತಿಂಗಳು ತಾನೇ" ಅಂದಳು.

ಹನ್ನೆರಡನೇ ದಿನಕ್ಕೆ ಅವಳ ತಾಯಿ ಹೋದಳು.

ಫೋನು ಬಂದಾಗ ನನಗೆ ಸ್ನಾನ ಮಾಡಿಸುತ್ತಿದ್ದಳು. ಮಾತಾಡಿ ಬಂದು, ಉಳಿದ ನೀರು ಹುಯ್ದು, ತಲೆ ಒರೆಸಿ, ಬಟ್ಟೆ ಹಾಕಿ, ಕೂರಿಸಿದ ಮೇಲೆ ಹೇಳಿದಳು. ತನ್ನ ಪೆಟ್ಟಿಗೆಯಿಂದ ಒಂದು ಕಪ್ಪು ಅಂಚಿನ ಹೊದಿಕೆ ತೆಗೆದಳು. ತಾಯಿ ಸೊಂಟಕ್ಕೆ ಮಗ್ಗದ ಪಟ್ಟಿ ಕಟ್ಟಿಕೊಂಡು ಕೈಯಲ್ಲೇ ನೇಯ್ದದ್ದಂತೆ. "ಇಂಥದ್ದು ನಾನು ಹೊದಿಸ್ಬೇಕಿತ್ತು ಅಕ್ಕ. ಮಗಳು ಹೊದಿಸ್ಬೇಕು. ಅಲ್ಲಿ ಯಾರೋ ಬೆಡ್‌ಶೀಟ್ ಹಾಕಿ ಮಣ್ಣು ಮಾಡಿದ್ರಂತೆ." ಅದನ್ನು ಮಡಿಲಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಕೂತಿದ್ದಳು. ಒಂದು ಗಂಟೆಗೆ ಎದ್ದು ನನಗೆ ಗಂಜಿ ಕುಡಿಸಿದಳು. ಆ ಗಂಜಿಯನ್ನು ನುಂಗಿದ್ದು ಹೇಗೆ ಅಂತ ಕೇಳಬೇಡಿ.

ಮಾರನೇ ದಿನ ಬೆಳಿಗ್ಗೆ ನಮ್ಮ ಮನೆಯವರಿಗೆ ಅಂದೆ, "ಆಟೋ... ಕರೀರಿ." ಎಲ್ಲಿಗೆ ಅಂತ ಅವರಿಗೆ ಗೊತ್ತಾದಾಗ ಬೇಡ ಅಂದರು. ನಾನು ಚಪ್ಪಲಿ ಮೆಟ್ಟಿ ಬಾಗಿಲಲ್ಲಿ ನಿಂತುಬಿಟ್ಟೆ. ಏಜೆನ್ಸಿ ಆಫೀಸು ಮೂರನೇ ಮಹಡಿಯಲ್ಲಿತ್ತು. ಬಲಗಾಲನ್ನು ಎಳೆದುಕೊಂಡು, ಅವರ ಹೆಗಲ ಮೇಲೆ ಭಾರ ಹಾಕಿ ಹತ್ತಿದೆ. ಅವನ ಟೇಬಲ್ಲಿನ ಮುಂದೆ ಕೂತೆ.

"ಕಾಗದ. ಅವಳ... ಕಾಗದ. ಕೊಡಿ."

"ಮೇಡಂ, ರೂಲ್ಸ್ ಪ್ರಕಾರ..."

"ಕೊಡಿ."

ಅವನು ರೂಲ್ಸು ಹೇಳಿದ, ನಾನು ಕೊಡಿ ಅಂದೆ. ಅವನು ಫೋನಿನಲ್ಲಿ ಯಾರ್ಯಾರ ಹತ್ತಿರವೋ ಮಾತಾಡಿದ, ನಾನು ಕೊಡಿ ಅಂದೆ. ಬಂದುಹೋಗುವವರೆಲ್ಲ ನನ್ನ ಸೊಟ್ಟ ಬಾಯಿ ನೋಡುತ್ತಿದ್ದರು. ಅಷ್ಟು ಹೊತ್ತು ತಲೆ ತಗ್ಗಿಸಿ ನಿಂತಿದ್ದ ನಮ್ಮ ಮನೆಯವರು ಕೊನೆಗೆ ಒಂದು ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತರು. "ಕೊಟ್ಬಿಡ್ರೀ. ಕೊಡೋವರೆಗೂ ಇವಳೂ ಏಳಲ್ಲ, ನಾನೂ ಏಳಲ್ಲ." ಊಟದ ಹೊತ್ತು ಮೀರಿದ ಮೇಲೆ ಅವನು ಬೀರು ತೆಗೆದ.

ಅವಳು ಮರುದಿನವೇ ಹೊರಟಳು. ಗೇಟಿನ ಹತ್ತಿರ ಗೋಡೆ ಹಿಡಿದು ನಿಂತಿದ್ದೆ. ಕಳಿಸಿಕೊಡುವಾಗ ಅವಳ ಭಾಷೆಯಲ್ಲೇ ಹೇಳೋಣ ಅಂತ ಆಸೆಯಾಯಿತು. "ಚೆ" ಅಂದೆ. ಎಷ್ಟು ಸ್ಪಷ್ಟವಾಗಿ ಬಂತು ಅಂದರೆ ನನಗೇ ಭಯವಾಯಿತು.

ಬ್ಯಾಗು ಎತ್ತಿಕೊಂಡವಳು ಅದನ್ನು ಕೆಳಗಿಟ್ಟಳು. "ಇದು ಯಾವಾಗ ಬಂತಕ್ಕ ನಿಮ್ಗೆ?"

ನನ್ನ ಹತ್ತಿರ ಆಗ ಕನ್ನಡ ಇತ್ತು, ಥಾಡೋ ಇತ್ತು. ನಾನು ಗೇಟಿನ ಕಡೆ ಮುಖ ಹೊರಳಿಸಿದೆ. ಅವಳು ನನ್ನನ್ನೇ ನೋಡಿದಳು. ಬೈಯಲಿಲ್ಲ. ನನ್ನ ಬಲಗೈಯನ್ನು ಒಂದು ಸಲ ಹಿಡಿದು, ಬೆರಳುಗಳನ್ನು ಅಭ್ಯಾಸದಂತೆ ಬಿಡಿಸಿ, ಆಟೋ ಹತ್ತಿದಳು.

ಮುಟ್ಟಿದೆ ಅಂತ ಒಂದು ಮೆಸೇಜು ಬಂತು. ಜೊತೆಗೆ ಒಂದು ಫೋಟೋ, ಹೊಸ ಮಣ್ಣಿನ ಗುಪ್ಪೆ, ಅದರ ಮೇಲೆ ಮರದ ಶಿಲುಬೆ. ಅಷ್ಟೇ, ಆಮೇಲೆ ಏನೂ ಇಲ್ಲ.

ಈಗ ನಾನು ನಡೆಯುತ್ತೇನೆ, ಬಜಾರಿಗೆ ಹೋಗುತ್ತೇನೆ. ಬೀದಿಯ ನಾಲ್ಕು ಮಕ್ಕಳು ಸಂಜೆ ಕನ್ನಡ ವ್ಯಾಕರಣ ಹೇಳಿಸಿಕೊಳ್ಳೋಕೆ ಬರುತ್ತಾರೆ. ಅವಳ ಮಾತುಗಳು ಮಾತ್ರ ಕೈಬಿಟ್ಟು ಹೋಗುತ್ತಿವೆ. ಮೊನ್ನೆ ಬಜಾರಿನಿಂದ ಬಂದು ನೆನಪು ಮಾಡಿಕೊಂಡರೆ ಹನ್ನೊಂದೇ ಸಿಕ್ಕವು. ಕೇಳೋಣ ಅಂದರೆ ಈ ಊರಿನಲ್ಲಿ ಯಾರಿದ್ದಾರೆ...

ಅವಳಿಗೆ ಕನ್ನಡ ಓದೋಕೆ ಬರುವುದಿಲ್ಲ. ಅದಕ್ಕೇ ಇಂಗ್ಲಿಷ್ ಅಕ್ಷರದಲ್ಲಿ, ಎಡಗೈಯಲ್ಲಿ ಒತ್ತಿ ಒತ್ತಿ ಕಳಿಸಿದೆ. 'ಆ ಮಾತು ನನಗೆ ಮೊದಲೇ ಬರ್ತಿತ್ತು. ನಾನೇ ಹೇಳಲಿಲ್ಲ.' ಕಳಿಸಿ ಹತ್ತು ದಿನವಾಯಿತು. ಮುಟ್ಟಿದ್ದರೆ ಎರಡು ಟಿಕ್ ಬೀಳಬೇಕು. ಬೆಳಿಗ್ಗೆ ಎದ್ದ ಕೂಡಲೇ ತೆಗೆದು ನೋಡುತ್ತೇನೆ. ಇವತ್ತಿಗೂ ಒಂದೇ ಇದೆ.