ದೀನಾಬಾಯಿಯ ಎಡಗೈ

ದೆವ್ವ ಭೂತದ ಮಾತು ಬಂದರೆ ನಕ್ಕು ಎದ್ದು ಹೋಗುತ್ತಿದ್ದವಳು ನಾನು. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮೇಲಿನ ಚಳಿಗಾಲದಲ್ಲಿ, ಬೀದರಿನ ಒಂದು ಹವೇಲಿಯಲ್ಲಿ, ನನ್ನ ಅಂಗೈಗೆ ತಾಗಿದ್ದನ್ನು ಇಲ್ಲವೆನ್ನಲು ನನ್ನಿಂದ ಆಗಿಲ್ಲ.

ಆಗ ನಾನು ಹೆಣ್ಣುಮಕ್ಕಳ ಸಾಲೆಯಲ್ಲಿ ಕಲಿಸುತ್ತಿದ್ದೆ. ಗಂಡ ಔರಾದದಲ್ಲಿ ಮಾಸ್ತರರು. ಮೋಟಾರು ಸಿಕ್ಕರೆ ಬರುತ್ತಿದ್ದರು, ಇಲ್ಲದಿದ್ದರೆ ಇಲ್ಲ. ಭಾಲ್ಕಿಯಿಂದ ಅವ್ವ ಬಂದು ನನ್ನ ಜೊತೆಗಿದ್ದಳು. ಗಲಾಟೆಯ ದಿನಗಳಲ್ಲಿ ನನ್ನ ತಮ್ಮ ಶಿವಪುತ್ರನನ್ನು ನಿಜಾಮರ ಪರದ ರಜಾಕಾರರು ಭಾಲ್ಕಿಯ ಮನೆಯಿಂದಲೇ ಕರೆದೊಯ್ದಿದ್ದರು. ಅವನು ತಿರುಗಿ ಬರಲಿಲ್ಲ. ಕರೆದೊಯ್ದವರ ಮುಂದಾಳು ಬೀದರಿನ ನಮ್ಮ ಓಣಿಯ ಜಾಗೀರದಾರರ ಮಗನೇ ಎಂದು ಅವ್ವ ಆಣೆ ಮಾಡಿ ಹೇಳುತ್ತಿದ್ದಳು.

ಆ ಜಾಗೀರದಾರರ ಮನೆಮಂದಿಯೆಲ್ಲ ಹೈದರಾಬಾದಿಗೆ ಹೋಗಿಬಿಟ್ಟಿದ್ದರು. ಆ ಮಗ ಮಾತ್ರ ಎಲ್ಲಿ ಅಡಗಿದ್ದಾನೆಂದು ಪೊಲೀಸರಿಗೂ ಪತ್ತೆಯಿರಲಿಲ್ಲ. ಹವೇಲಿಯಲ್ಲಿ ಉಳಿದವರು ದೀನಾಬಾಯಿ ಒಬ್ಬರೇ. ಸಿಕಂದರಾಬಾದಿನ ಪಾರ್ಸಿ ಹೆಂಗಸು. ವಿಲಾಯತಿಗೆ ಹೋಗಿ ಪಿಯಾನೊ ಕಲಿತು, ಮುಂಬೈ, ಮದ್ರಾಸುಗಳಲ್ಲಿ ಕಚೇರಿ ಕೊಟ್ಟು ಹೆಸರಾದವರು. ಹವೇಲಿಯಲ್ಲಿ ಬಾರಿಸಲು ಬಂದಾಗ ಹಲಬರ್ಗಾದ ದಾರಿಯಲ್ಲಿ ಟಾಂಗಾ ಮಗುಚಿ ಎಡಗೈ ಹೋಯಿತು. ಬೆರಳುಗಳು ಮಡಚಿಕೊಂಡು ಸೆಟೆದವು. ಮತ್ತೆ ಅವರು ವೇದಿಕೆ ಹತ್ತಲಿಲ್ಲ. ಜಾಗೀರದಾರರು ತಮ್ಮ ಮಕ್ಕಳಿಗೆ ಕಲಿಸಲು ಅವರನ್ನು ಇಟ್ಟುಕೊಂಡರು. ಆ ಮಗನೂ ಅವರ ಕೈಯಲ್ಲೇ ಕಲಿತವನು.

ಸಂಜೆ ಹೊತ್ತು ಅವರು ಬಲಗೈಯೊಂದರಲ್ಲೇ ಬಾರಿಸುತ್ತಿದ್ದರು. ಎಷ್ಟೋ ವರ್ಷ ಕೇಳಿದ ನನ್ನ ಕಿವಿಗೆ ಆ ಅರ್ಧ ಸಂಗೀತವೇ ರೂಢಿಯಾಗಿತ್ತು. ಆ ಚಳಿಗಾಲದಲ್ಲಿ ಮಾತ್ರ ಅದರ ಕೆಳಗೆ ಇನ್ನೊಂದು ದಪ್ಪ ದನಿ ಸೇರಿತು. ಒಂದು ಸಂಜೆ ಅವ್ವ ಜೋಳ ಹಸನು ಮಾಡುತ್ತಿದ್ದವಳು ಮೊರ ಕೆಳಗಿಟ್ಟಳು.

“ಕೇಳ್. ಇನ್ನೊಬ್ಬಾಂವ ಬಾರಸಲಿಕ್ಕತ್ಯಾನ. ಆ ಜಾಗೀರದಾರನ ಮಗನ್ನ ಒಳಗ ಮುಚ್ಚಿಟ್ಟಾಳ ಆಕಿ.”

ಆಗ ಊರಿಗೆ ಊರೇ ಸಂಶಯದಲ್ಲಿತ್ತು. ರಜಾಕಾರರ ಕಾಲದಲ್ಲಿ ನಾವು ಬಾಗಿಲು ಹಾಕಿಕೊಂಡು ಕೂತಿದ್ದೆವು, ಈಗ ಓಣಿಯ ಮುಸಲ್ಮಾನರು. ಅವ್ವ ಸುಮ್ಮನಿರಲಿಲ್ಲ, ಠಾಣೆಯ ಅಮೀನರಿಗೆ ಹೇಳಿಸಿದಳು. ಅಮೀನರು ಹವೇಲಿಯ ಜನಾನಾದ ಬಾಗಿಲಲ್ಲಿ ನಿಂತು ನನ್ನನ್ನು ಕರೆಸಿದರು. “ಬಾಯಾರ, ಹೆಣ್ಣಮಕ್ಕಳ ಮನಿ ಇದು. ನೀವ ಒಳಗ ಹೋಗಿ ನೋಡ್ರಿ. ಅಂವ ಕಂಡ್ರ ಒಂದ್ ಕೂಗ ಹಾಕ್ರಿ.”

ಅವನು ಸಿಗಲಿ ಎಂದೇ ನಾನು ಒಳಗೆ ಹೋದೆ. ಕೋಣೆಗಳು, ಮಾಳಿಗೆ, ಬತ್ತಿದ ಬಾವಿ, ಎಲ್ಲ ನೋಡಿದೆ. ಅಡಿಗೆಮನೆಯಲ್ಲಿ ಒಬ್ಬರು ಉಂಡ ತಟ್ಟೆಯಷ್ಟೇ ಇತ್ತು. ದೀನಾಬಾಯಿ ಬೆವರುತ್ತ ನನ್ನ ಹಿಂದೆಯೇ ಬರುತ್ತಿದ್ದರು. ಆ ಬೆವರೇ ನನ್ನ ಅನುಮಾನವನ್ನು ಹೆಚ್ಚಿಸಿತು. “ಬಾರಿಸ್ರಿ ನೋಡೂಣು” ಎಂದೆ.

ಅವರು ಕೂತರು. ಬಲಗೈ ಓಡಿತು, ಎಡಗೈ ಮಡಿಲಲ್ಲಿತ್ತು. ಸ್ವಲ್ಪ ಹೊತ್ತಿಗೆ ಆ ದಪ್ಪ ದನಿ ಬಂತು. ಪಿಯಾನೊದ ಎಡಗಡೆಯ ಬಿಳಿ ಪಟ್ಟಿಗಳು ಒಂದೊಂದಾಗಿ ತಾವೇ ತಗ್ಗುತ್ತಿದ್ದವು. ಏನೋ ಕೀಲು ಇಟ್ಟಿದ್ದಾರೆಂದು ಬಗ್ಗಿ ಕೆಳಗೆ, ಹಿಂದೆ ನೋಡಿದೆ. ಏನೂ ಇರಲಿಲ್ಲ. ಸಿಟ್ಟಿನಿಂದ ಆ ಪಟ್ಟಿಗಳ ಮೇಲೆ ಅಂಗೈ ಹಗುರಾಗಿ ಇಟ್ಟೆ. ಕೈ ಕೆಳಗಿನ ಪಟ್ಟಿಗಳು ಅಂಗೈ ಬಿಟ್ಟು ತಾವೇ ಕೆಳಗಿಳಿದವು, ಮೇಲೆದ್ದು ಅಂಗೈಗೆ ಬಡಿದವು, ಮತ್ತೆ ಇಳಿದವು. ನಾನು ಒತ್ತಿರಲಿಲ್ಲ.

ದೀನಾಬಾಯಿ ಥಟ್ಟನೆ ನಿಲ್ಲಿಸಿದರು. “ನೀ ಒತ್ತಿದೇನು?”

“ಇಲ್ಲರಿ.”

“ಖರೇ ಹೇಳು, ಬೇಟಿ. ದಿನಾ ಕೇಳ್ತೇನಿ ಇದನ್ನ. ಯಾರೋ ಮನಿ ಹೊಕ್ಕಾರಂತ ತಲಿದಿಂಬಿನ ಬುಡಕ ಕುಡಗೋಲ ಇಟ್ಕೊಂಡು ಮಲಗ್ತೇನಿ. ಯಾರಿಗಿ ಹೇಳ್ಲಿ? ಹೇಳಿದ್ರ ನನ್ನೇ ಹಿಡಕೊಂಡು ಹೋಗ್ತಾರ.”

ಅವರು ನನ್ನನ್ನು ಸಂಶಯದಿಂದ ನೋಡುತ್ತಿದ್ದರು, ನಾನು ಅವರನ್ನು. ತಡೆಯಲಾರದೆ ಅವರ ಎಡಗೈ ಹಿಡಿದೆ. ಬೆರಳು ಬಿಡಿಸಲು ನೋಡಿದೆ, ಬಿಡಿಸಲಾಗಲಿಲ್ಲ. ನೋವಿಗೆ ಅವರ ಕಣ್ಣಲ್ಲಿ ನೀರು ಬಂತು. ಅದು ನಟನೆಯಾಗಿರಲಿಲ್ಲ.

“ಏನ್ರಿ, ಅದಾನೇನ್ರಿ?” ಅಮೀನರು ಹೊರಗಿನಿಂದ ಕೂಗಿದರು. ಅವರಿಗೂ ಎರಡು ದನಿ ಕೇಳಿಸಿದ್ದವು.

ಯಾರೂ ಇಲ್ಲ ಎಂದೆ. ಕೆಳಗಿನ ದನಿ ನಾನೇ ಒತ್ತಿ ನೋಡಿದ್ದೆಂದು ಸುಳ್ಳನ್ನೂ ಸೇರಿಸಿದೆ. ಅಮೀನರು ನಂಬದವರಂತೆ ನನ್ನ ಮುಖ ನೋಡಿ ಹೋದರು.

ಹೋಳಿಹುಣ್ಣಿಮೆಗೆ ಮುಂಚೆಯೇ ದೀನಾಬಾಯಿ ಮುಂಬೈಗೆ ಹೋದರು, ಪಿಯಾನೊ ಹವೇಲಿಯಲ್ಲೇ ಬಿಟ್ಟು. ಬಹಳ ವರ್ಷಗಳ ಮೇಲೆ ಹೈದರಾಬಾದಿನಲ್ಲಿ ಪಿಯಾನೊ ರಿಪೇರಿಯವನೊಬ್ಬನನ್ನು ಕೇಳಿದೆ. ಮೇಲಿನ ದನಿಗೆ ಕೆಳಗಿನ ತಂತಿಗಳು ತಾವೇ ಗುಂಯ್‌ಗುಡುವುದುಂಟು ಎಂದ. ಪಟ್ಟಿಯೂ ಇಳಿಯುತ್ತದೆಯೇ ಎಂದೆ. ನಕ್ಕುಬಿಟ್ಟ.

ಜಾಗೀರದಾರರ ಮಗನ ಸುದ್ದಿ ಕೊನೆಗೂ ಬರಲಿಲ್ಲ, ನನ್ನ ತಮ್ಮನದೂ ಬರಲಿಲ್ಲ. ಅವ್ವ ಹಾಸಿಗೆ ಹಿಡಿದಾಗಲೂ ನನ್ನನ್ನು ಹತ್ತಿರ ಕರೆದು ಕೇಳುತ್ತಿದ್ದಳು: “ಈಗರೆ ಖರೇ ಹೇಳ. ಆ ಮನ್ಯಾಗ ಯಾರೂ ಇರ್ಲಿಲ್ಲೇನು?”

“ಯಾರೂ ಇರ್ಲಿಲ್ಲವ್ವಾ” ಎನ್ನುತ್ತಿದ್ದೆ. ಅವಳು ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಸುಳ್ಳು ಹೇಳಿದೆನೋ, ಖರೇ ಹೇಳಿದೆನೋ, ನನಗೇ ತಿಳಿಯುತ್ತಿರಲಿಲ್ಲ.